ಹಡಗಿನ ಹೊಟ್ಟೆಯೊಳಗೊಂದು ಬೋರು

1840ರ ಸುಮಾರಿಗೆ ನ್ಯೂಯಾರ್ಕ್ ಕಡೆಯ ಕಾಲುವೆಗಳಲ್ಲಿ ಉಗಿ ದೋಣಿ ಓಡಿಸೋಕೆ ಹೊರಟವರಿಗೆ ಒಂದು ವಿಚಿತ್ರ ತಲೆನೋವಿತ್ತು. ದೋಣಿ ಓಡ್ತಿದ್ರೆ ಎಲ್ಲ ಸರಿ, ನಿಂತರೆ ಜೀವಭಯ. ಮಾಮೂಲಿ ಲೆಕ್ಕದಲ್ಲಿ ಇದು ಉಲ್ಟಾ ಇರಬೇಕಿತ್ತು ಅಲ್ವಾ?

ವಿಷಯ ಇಷ್ಟೇ. ಉಗಿ ಎಂಜಿನ್ನಿಗೆ ಬಾಯ್ಲರ್ ಬೇಕು, ಬಾಯ್ಲರಿಗೆ ನೀರು ಬೇಕು. ಬಾಯ್ಲರ್ ಒಳಗೆ ಆಗಲೇ ಉಗಿ ಒತ್ತಿಕೊಂಡು ಕೂತಿರುತ್ತೆ, ಅದರ ಬಾಯಿಗೆ ಕೊಡದಲ್ಲಿ ನೀರು ಸುರಿಯೋಕಾಗಲ್ಲ. ಆ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ನೀರನ್ನು ಒಳಗೆ ನೂಕುವ ಪಂಪ್ ಬೇಕು. ಆ ಪಂಪನ್ನು ದೋಣಿಯ ಎಂಜಿನ್ನಿಗೇ ಕಟ್ಟಿರುತ್ತಿದ್ದರು. ದೋಣಿ ಲಾಕ್‌ಗೇಟಿನ ಮುಂದೆ ತನ್ನ ಸರದಿಗೆ ಕಾಯುತ್ತಾ ನಿಂತಾಗ ಎಂಜಿನ್ ನಿಲ್ಲುತ್ತೆ, ಅದರ ಜೊತೆ ಪಂಪೂ ನಿಲ್ಲುತ್ತೆ. ಆದರೆ ಒಲೆ ಆರಿರಲ್ಲ. ನೀರು ಕುದೀತಾನೇ ಇರುತ್ತೆ, ಉಗಿಯಾಗಿ ಹೋಗ್ತಾನೇ ಇರುತ್ತೆ, ಮಟ್ಟ ಇಳೀತಾನೇ ಇರುತ್ತೆ. ನೀರಿಲ್ಲದ ಜಾಗದಲ್ಲಿ ಬೆಂಕಿ ತಾಗಿದ ಕಬ್ಬಿಣ ಕೆಂಪಗೆ ಕಾದು ಮೆತ್ತಗಾಗುತ್ತೆ. ಆಮೇಲೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. 1865ರ ಏಪ್ರಿಲ್ 27ರಂದು ಮಿಸಿಸಿಪ್ಪಿ ನದಿಯಲ್ಲಿ ಸುಲ್ತಾನಾ ಅನ್ನೋ ದೋಣಿಯ ಬಾಯ್ಲರ್‌ಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. ತೇಪೆ ಹಾಕಿದ ಬಾಯ್ಲರ್, ಮಿತಿಮೀರಿದ ಜನ, ಮಟ್ಟ ತಪ್ಪಿದ ನೀರು, ಎಲ್ಲವೂ ಕೂಡಿಬಂದ ದಿನ ಅದು.

ಕಾಲುವೆ ದೋಣಿಗಳಲ್ಲಿ ನಿಂತಾಗೆಲ್ಲ ಒಬ್ಬ ಆಳು ಕೈಪಂಪು ಹೊಡೀಬೇಕಿತ್ತು. ಹೆನ್ರಿ ವರ್ದಿಂಗ್ಟನ್ ಅನ್ನೋ ಇಪ್ಪತ್ತರ ಹರೆಯದ ಎಂಜಿನಿಯರ್ ಈ ಆಳಿನ ಜಾಗದಲ್ಲಿ ಒಂದು ಯಂತ್ರ ಇಟ್ಟ. ದೊಡ್ಡ ಎಂಜಿನ್ನಿಗೆ ಸಂಬಂಧವೇ ಇಲ್ಲದ, ತನ್ನದೇ ಪುಟ್ಟ ಉಗಿ ಸಿಲಿಂಡರ್ ಇರುವ ಪಂಪ್. ಒಂದೇ ಸರಳಿನ ಒಂದು ತುದಿಗೆ ಉಗಿಯ ಪಿಸ್ಟನ್, ಇನ್ನೊಂದು ತುದಿಗೆ ನೀರಿನ ಪಿಸ್ಟನ್. ಚಕ್ರ ಇಲ್ಲ, ಕ್ರ್ಯಾಂಕ್ ಇಲ್ಲ. ಉಗಿ ಆ ಕಡೆಯಿಂದ ಒತ್ತಿದರೆ ಸರಳು ಈ ಕಡೆ, ಈ ಕಡೆಯಿಂದ ಒತ್ತಿದರೆ ಆ ಕಡೆ. ಹೋಗೋದು, ಬರೋದು, ಅಷ್ಟೇ. ಮುಂದಿನ ನೂರು ವರ್ಷ ಪ್ರಪಂಚದ ಉಗಿ ಹಡಗುಗಳ ಹೊಟ್ಟೆಯೊಳಗೆ ಹಗಲೂ ರಾತ್ರಿ ಕೇಳಿಬಂದ ಸದ್ದು ಇದರದ್ದು, ಇದರ ಅಣ್ಣತಮ್ಮಂದಿರದ್ದು.

ಸಾಫ್ಟ್‌ವೇರ್‌ನವರಿಗೆ ಇಲ್ಲಿ ಒಂದು ಅನುಮಾನ ಬರಬೇಕು. ಬಾಯ್ಲರಿನ ಉಗಿ ತಗೊಂಡು ಅದೇ ಬಾಯ್ಲರಿಗೆ ನೀರು ನೂಕೋದು ಹೇಗೆ ಸಾಧ್ಯ? ಒಳಗೆ ಎಷ್ಟು ಒತ್ತಡ ಇದೆಯೋ ಹೊರಗೂ ಅಷ್ಟೇ ಅಲ್ವಾ? ಇದಕ್ಕೆ ಉತ್ತರ ಪಿಸ್ಟನ್ನುಗಳ ಅಗಲದಲ್ಲಿದೆ. ಉಗಿ ಕಡೆಯ ಪಿಸ್ಟನ್ 200 ಮಿಲಿಮೀಟರ್ ಅಗಲ, ನೀರಿನ ಕಡೆಯದು 130 ಅಂತಿಟ್ಟುಕೊಳ್ಳಿ. ವಿಸ್ತೀರ್ಣದ ಲೆಕ್ಕದಲ್ಲಿ ಉಗಿ ಕಡೆಗೆ 2.3 ಪಟ್ಟಿಗಿಂತ ಹೆಚ್ಚು ಬಲ. ಪೈಪಿನಲ್ಲಿ, ಕವಾಟಗಳಲ್ಲಿ, ಗ್ಲ್ಯಾಂಡಿನಲ್ಲಿ ಒಂದಿಷ್ಟು ಕಳೆದುಹೋದರೂ ಬಾಯ್ಲರಿನ ಬಾಗಿಲು ತೆಗೆಸೋಕೆ ಸಾಕಾಗುವಷ್ಟು ಉಳಿಯುತ್ತೆ. ಪುಕ್ಕಟೆ ಏನಿಲ್ಲ, ಅಗಲವಾದ ಸಿಲಿಂಡರ್ ತುಂಬೋಕೆ ಉಗಿ ಜಾಸ್ತಿ ಖರ್ಚಾಗುತ್ತೆ. ಈ ಪಂಪುಗಳು ಉಗಿ ತಿನ್ನೋದರಲ್ಲಿ ಬಕಾಸುರರು ಅಂತ ಹೆಸರುವಾಸಿ.

ಆದರೆ ಪಂಪ್ ಬಾಯ್ಲರನ್ನು ನಂಬಿದೆ, ಬಾಯ್ಲರ್ ಪಂಪನ್ನು ನಂಬಿದೆ ಅನ್ನೋ ಮಾತು ಸುಳ್ಳಾಗಲಿಲ್ಲ. ಅದು ಮುಂದೆ ಬರುತ್ತೆ.

ನಮ್ಮ ಕಡೆಯವರಿಗೆ ಈ ಯಂತ್ರ ಅರ್ಥ ಮಾಡಿಸೋದು ಸುಲಭ. ಕಪಿಲೆ ಬಾವಿ ಕೇಳಿದ್ದೀರಲ್ಲ? ಬಾವಿ ಮೇಲೆ ರಾಟೆ, ಹಗ್ಗ, ತೊಗಲಿನ ದೊಡ್ಡ ಚೀಲ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಚೀಲ ಮೇಲಕ್ಕೆ ಬಂದು ಕಾಲುವೆಗೆ ನೀರು, ಎತ್ತು ಹಿಮ್ಮುಖವಾಗಿ ಏರಿದರೆ ಚೀಲ ಖಾಲಿಯಾಗಿ ಕೆಳಕ್ಕೆ. ಹೋಗುವಾಗ ದುಡಿಮೆ, ಬರುವಾಗ ಬರಿಗೈ. ಎಂಜಿನಿಯರಿಂಗ್ ಪುಸ್ತಕ ಇದನ್ನೇ ಸಿಂಗಲ್ ಆ್ಯಕ್ಟಿಂಗ್ ಅನ್ನುತ್ತೆ. ಒಂದೇ ಬಾವಿಗೆ ಎರಡು ಜೋಡಿ ಎತ್ತು ಕಟ್ಟಿ, ಒಂದು ಇಳಿಯುವಾಗ ಇನ್ನೊಂದು ಏರುವಂತೆ ಹೊಂದಿಸಿದರೆ ನೀರು ನಿಲ್ಲೋದೇ ಇಲ್ಲ. ವರ್ದಿಂಗ್ಟನ್ ಕೂಡ ಆಮೇಲೆ ಹೀಗೇ ಮಾಡಿದ. ಎರಡು ಪಂಪುಗಳನ್ನು ಪಕ್ಕಪಕ್ಕ ಇಟ್ಟ, ಒಂದರ ಸರಳು ಇನ್ನೊಂದರ ಉಗಿ ಕವಾಟ ಎಳೆಯುವಂತೆ ಕಟ್ಟಿದ. ಒಂದು ತನ್ನ ಓಟ ಮುಗಿಸುವ ಹೊತ್ತಿಗೆ ಇನ್ನೊಂದಕ್ಕೆ ಹೊರಡು ಅಂತ ಸನ್ನೆ ಕೊಡುತ್ತೆ. ಇದೇ ಡ್ಯೂಪ್ಲೆಕ್ಸ್ ಪಂಪ್. ಎಲ್ಲಿ ನಿಲ್ಲಿಸಿದರೂ ಮತ್ತೆ ಉಗಿ ಬಿಟ್ಟ ತಕ್ಷಣ ಹೊರಡುತ್ತೆ, ಕೈಯಿಂದ ಎತ್ತಿಕೊಡಬೇಕಾಗಿಲ್ಲ. ಕತ್ತಲಲ್ಲಿ, ಅಲೆಯಲ್ಲಿ, ಅರ್ಧ ನೀರು ತುಂಬಿದ ಎಂಜಿನ್ ರೂಮಿನಲ್ಲಿ ಈ ಒಂದು ಗುಣಕ್ಕೆ ಎಷ್ಟು ಬೆಲೆ ಅಂತ ಯೋಚಿಸಿ.

ಪಿಸ್ಟನ್ ಪಂಪ್ ಕಲ್ಪನೆ ಹೊಸದೇನಲ್ಲ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಎರಡು ಸಿಲಿಂಡರಿನ ಪಂಪ್ ಮಾಡಿದ್ದ, ರೋಮಿನ ವಿಟ್ರೂವಿಯಸ್ ಅದನ್ನು ಬರೆದಿಟ್ಟ. ಹಾಯಿ ಹಡಗುಗಳ ಕಾಲದಲ್ಲಿ ಮರದ ದಿಮ್ಮಿ ಕೊರೆದು, ತೊಗಲಿನ ವಾಸರ್ ಹಾಕಿ, ನಾವಿಕರು ಸರದಿ ಮೇಲೆ ಹೊಡೆಯುತ್ತಿದ್ದರು. ಮರದ ಹಡಗು ಅಂದರೆ ಸೋರೋದೇ, ಸೋರದಿದ್ದರೆ ಆಶ್ಚರ್ಯ. ಉಗಿ ಬಂದಮೇಲೆ ಆಗಿದ್ದು ಇಷ್ಟು: ಹೊಡೆಯುವ ಕೈ ಬದಲಾಯಿತು, ಕೆಲಸಗಳು ಹೆಚ್ಚಾದವು. ಬಾಯ್ಲರಿಗೆ ನೀರು, ತಳದ ಹೊಲಸು ನೀರು ಹೊರಕ್ಕೆ, ಬೆಂಕಿ ಬಿದ್ದರೆ ಸಮುದ್ರದ ನೀರು ಒಳಕ್ಕೆ, ಎಣ್ಣೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ. ಇಂಥ ಚಿಲ್ಲರೆ ಕೆಲಸಕ್ಕೆಲ್ಲ ಇಟ್ಟ ಸಣ್ಣ ಪಂಪಿಗೆ ಇಂಗ್ಲಿಷಿನವರು ‘ಡಾಂಕಿ ಪಂಪ್’ ಅಂತ ಹೆಸರಿಟ್ಟರು. ಕತ್ತೆ ಪಂಪು! ಅಗಸರ ಮನೆಯ ಕತ್ತೆಯಷ್ಟೇ ಮರ್ಯಾದೆ, ಅಷ್ಟೇ ದುಡಿಮೆ.

ಈಗ ಮಾನಿಟರ್ ಕಥೆ. ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಯುದ್ಧನೌಕೆ, ತಿರುಗುವ ಫಿರಂಗಿ ಗೋಪುರಕ್ಕೆ ಪ್ರಸಿದ್ಧ. ಇದರಲ್ಲಿ ವರ್ದಿಂಗ್ಟನ್ ಪಂಪುಗಳಿದ್ದವು. 1862ರ ಡಿಸೆಂಬರ್ 30ರ ರಾತ್ರಿ ಹ್ಯಾಟರಸ್ ಭೂಶಿರದ ಹತ್ತಿರ ಬಿರುಗಾಳಿಗೆ ಸಿಕ್ಕಿತು. ಡೆಕ್ಕು ನೀರಿನಿಂದ ಒಂದು ಮೊಳ ಮೇಲಷ್ಟೇ ಇದ್ದ ಹಡಗು ಅದು. ಅಲೆಗಳು ಸಿಕ್ಕಸಿಕ್ಕಲ್ಲಿ ಒಳಗೆ ನುಗ್ಗಿದವು. ಮೊದಲು ವರ್ದಿಂಗ್ಟನ್ ಪಂಪುಗಳನ್ನು ಓಡಿಸಿದರು, ಸಾಲಲಿಲ್ಲ. ದೊಡ್ಡ ಸೆಂಟ್ರಿಫ್ಯೂಗಲ್ ಪಂಪನ್ನೂ ಹಚ್ಚಿದರು. ಅಷ್ಟರಲ್ಲಿ ಕಲ್ಲಿದ್ದಲು ನೆನೆಯಿತು. ನೆನೆದ ಕಲ್ಲಿದ್ದಲಿಗೆ ಬೆಂಕಿ ಸರಿಯಾಗಿ ಹತ್ತಲ್ಲ, ಬೆಂಕಿ ಇಲ್ಲದೆ ಉಗಿ ಇಲ್ಲ, ಉಗಿ ಇಳಿದಂತೆ ಪಂಪ್ ನಿಧಾನ, ಪಂಪ್ ನಿಧಾನ ಆದಂತೆ ನೀರು ಒಲೆಯ ಹತ್ತಿರ. ಒಂದರ ಕಾಲು ಇನ್ನೊಂದು ಹಿಡಿದೆಳೆದು ಇಬ್ಬರೂ ಮುಳುಗೋದು ಅಂತಾರಲ್ಲ, ಹಾಗೆ. ನಡುರಾತ್ರಿ ದಾಟಿದ ಮೇಲೆ ಹಡಗು ಮುಳುಗಿತು, 16 ಜನ ಹೋದರು.

ನಾವು ಆಫೀಸಿನಲ್ಲಿ ಸರ್ವರ್ ಬಿದ್ದಾಗ ಒಂದು ವರದಿ ಬರೀತೀವಿ: ಲಾಗಿನ್ ವ್ಯವಸ್ಥೆ ಬಿದ್ದಿದೆ, ಅದನ್ನು ಎಬ್ಬಿಸೋಕೆ ಲಾಗಿನ್ ಆಗಬೇಕು. ನಗು ಬರುತ್ತೆ. ಮಾನಿಟರ್ ಹಡಗಿನಲ್ಲಿ ಆ ರಾತ್ರಿ ಆಗಿದ್ದು ಅದೇ ಜಾತಿಯ ಗಂಟು. ಅದಕ್ಕೇ ಹಳೆಯ ಹಡಗಿನವರು ಕೈಪಂಪನ್ನು ಕಡೆವರೆಗೂ ಬಿಸಾಡಲಿಲ್ಲ. ಅಂದಹಾಗೆ, ಈ ಹಡಗಿನ ಅವಶೇಷ 1973ರಲ್ಲಿ ಪತ್ತೆಯಾಯಿತು. ಮೇಲೆತ್ತಿ ತಂದ ಸಾಮಾನುಗಳಲ್ಲಿ ವರ್ದಿಂಗ್ಟನ್ ಪಂಪುಗಳೂ ಇವೆ, ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಊರಿನ ಮ್ಯೂಸಿಯಮ್ಮಿನಲ್ಲಿ ಕಾಪಾಡಿದ್ದಾರೆ. ಆ ಕಡೆ ಆನ್‌ಸೈಟ್ ಹೋದವರು ವಾಷಿಂಗ್ಟನ್ನಿನಲ್ಲಿ ಫೋಟೋ ಹೊಡೆಸಿಕೊಂಡು ಬರೋದರ ಜೊತೆ ಇಲ್ಲಿಗೂ ಒಮ್ಮೆ ಹೋಗಬಹುದು.

ಅಟ್ಲಾಂಟಿಕ್ಕಿನ ಈಚೆ ದಡದಲ್ಲಿ ಗ್ಲಾಸ್ಗೋದ ಜಾರ್ಜ್ ವೀರ್ ಮತ್ತು ಜೇಮ್ಸ್ ವೀರ್ ಅನ್ನೋ ಅಣ್ಣತಮ್ಮಂದಿರು 1871ರಲ್ಲಿ ಕಂಪನಿ ಶುರು ಮಾಡಿದರು. ಇವರ ಫೀಡ್ ಪಂಪ್ ನೆಟ್ಟಗೆ ನಿಂತಿರುತ್ತೆ, ಮೇಲೆ ಉಗಿ ಸಿಲಿಂಡರ್, ಕೆಳಗೆ ನೀರಿನದು. ಬ್ರಿಟಿಷ್ ಹಡಗು ಅಂದರೆ ವೀರ್ ಪಂಪ್ ಅನ್ನುವಷ್ಟು ಹರಡಿತು. ಇದರಲ್ಲಿ ಜೊತೆಗಾರ ಇಲ್ಲ, ಒಂಟಿ. ಹಾಗಾದರೆ ತುದಿ ಮುಟ್ಟಿದಾಗ ವಾಪಸ್ ತಿರುಗು ಅಂತ ಹೇಳೋರು ಯಾರು? ಸರಳಿಗೆ ಒಂದು ತೋಳು ಕಟ್ಟಿರುತ್ತೆ. ಆ ತೋಳು ಮೇಲೆ ಕೆಳಗೆ ಹೋಗುತ್ತಾ ಪಕ್ಕದ ತೆಳು ಕಡ್ಡಿಯ ಮೇಲಿನ ನಟ್ಟುಗಳಿಗೆ ತಾಗುತ್ತೆ. ತಾಗಿದಾಗ ಕಡ್ಡಿ ಸರಿದು ಸಣ್ಣ ಕವಾಟ ತೆಗೆಯುತ್ತೆ, ಅದರಿಂದ ಬಂದ ಉಗಿ ದೊಡ್ಡ ಕವಾಟವನ್ನು ಆಚೆಗೆ ತಳ್ಳುತ್ತೆ, ಪಿಸ್ಟನ್ ತಿರುಗಿ ಬರುತ್ತೆ.

ಅಡ್ಜಸ್ಟ್ ಮಾಡೋ ವಿದ್ಯೆ ಎಲ್ಲಾ ಇರೋದು ಆ ನಟ್ಟುಗಳಲ್ಲಿ. ನಟ್ಟುಗಳನ್ನು ಹತ್ತಿರ ತಂದರೆ ತೋಳು ಬೇಗ ತಾಗುತ್ತೆ, ಪಿಸ್ಟನ್ ಅರ್ಧ ದಾರಿಯಲ್ಲೇ ವಾಪಸ್ಸು. ನೀರು ಕಡಿಮೆ, ಸಿಲಿಂಡರಿನ ಖಾಲಿ ಜಾಗ ತುಂಬೋಕೆ ಉಗಿ ದಂಡ. ದೂರ ಸರಿಸಿದರೆ ಓಟ ಉದ್ದ. ಅತಿ ದೂರ ಸರಿಸಿದರೆ ಪಿಸ್ಟನ್ ಸೀದಾ ಹೋಗಿ ಮುಚ್ಚಳಕ್ಕೆ ಢಣ್ ಅಂತ ಗುದ್ದುತ್ತೆ. ಗುದ್ದದ ಹಾಗೆ, ಆದರೆ ಗುದ್ದೋದಕ್ಕೆ ಸ್ವಲ್ಪ ಮುಂಚೆ ತಿರುಗುವ ಹಾಗೆ ನಿಲ್ಲಿಸೋದೇ ಕಸುಬು. ಒಂದು ವೇಗಕ್ಕೆ ಸರಿಯಾಗಿದ್ದ ನಟ್ಟು ಇನ್ನೊಂದು ವೇಗಕ್ಕೆ ಸರಿಯಾಗಿರಲ್ಲ. ಹಡಗು ಜೋರು ಹೋಗುವಾಗ ಬಾಯ್ಲರಿಗೆ ಹೆಚ್ಚು ನೀರು, ಪಂಪಿಗೆ ಹೆಚ್ಚು ಓಟ. ಹಾಗಾಗಿ ಪಂಪನ್ನು ಒಮ್ಮೆ ಹೊಂದಿಸಿ ಮರೆಯೋಕಾಗಲ್ಲ, ಡ್ಯೂಟಿಯಲ್ಲಿರುವವನು ಕಿವಿ ಕೊಟ್ಟಿರಬೇಕು.

ಡ್ಯೂಪ್ಲೆಕ್ಸಿನ ಕವಾಟ ಕೂರಿಸೋ ಕ್ರಮ ಇನ್ನೂ ಚೆಂದ. ಅಳತೆ ಪಟ್ಟಿ ಕೂಡ ಬೇಡ, ಸೀಮೆಸುಣ್ಣದ ಚೂರು ಇದ್ದರೆ ಸಾಕು. ಪಿಸ್ಟನ್ನನ್ನು ಒಂದು ತುದಿಗೆ ಮುಚ್ಚಳ ಮುಟ್ಟುವವರೆಗೆ ನೂಕಿ, ಸರಳು ಗ್ಲ್ಯಾಂಡಿನಿಂದ ಹೊರಬರುವ ಜಾಗದಲ್ಲಿ ಒಂದು ಗೆರೆ ಎಳೀಬೇಕು. ಇನ್ನೊಂದು ತುದಿಗೆ ನೂಕಿ ಇನ್ನೊಂದು ಗೆರೆ. ಎರಡರ ನಡುಮಧ್ಯ ಮೂರನೆಯ ಗೆರೆ. ಆ ಗೆರೆ ಗ್ಲ್ಯಾಂಡಿನ ಬಾಯಿಗೆ ಬರುವಂತೆ ಸರಳು ನಿಲ್ಲಿಸಿದರೆ ಪಿಸ್ಟನ್ ಸಿಲಿಂಡರಿನ ನಟ್ಟನಡುವೆ ಇದೆ ಅಂತ ಲೆಕ್ಕ. ಪಕ್ಕದ ಪಿಸ್ಟನ್ನಿಗೂ ಹೀಗೇ. ಈಗ ಉಗಿ ಪೆಟ್ಟಿಗೆ ಬಿಚ್ಚಿ, ಜಾರು ಕವಾಟ ಉಗಿ ರಂಧ್ರಗಳನ್ನು ಸಮವಾಗಿ ಮುಚ್ಚುವಂತೆ ನಡುವೆ ಇಟ್ಟು, ಕವಾಟಕ್ಕೂ ಕಡ್ಡಿಯ ನಟ್ಟಿಗೂ ನಡುವೆ ಎರಡೂ ಕಡೆ ಒಂದೇ ಅಳತೆಯ ಸಂದು ಬಿಡಬೇಕು. ಸಂದು ಹೆಚ್ಚಾದರೆ ಓಟ ಉದ್ದ, ಕಡಿಮೆಯಾದರೆ ಗಿಡ್ಡ. ಈ ಸಂದಿಗೆ ಇಂಗ್ಲಿಷ್ ಪುಸ್ತಕದಲ್ಲಿ ‘ಲಾಸ್ಟ್ ಮೋಷನ್’ ಅನ್ನೋ ಹೆಸರಿದೆ, ಕಳೆದುಹೋದ ಚಲನೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ. ಅದು ಕಳೆದುಹೋಗಿಲ್ಲ, ಬೇಕು ಅಂತಲೇ ಬಿಟ್ಟಿದ್ದು. ನಮ್ಮ ದೊಡ್ಡಪ್ಪ ಇದಕ್ಕೆ ‘ಆಟ’ ಅಂತಿದ್ದ.

ದೊಡ್ಡಪ್ಪ ಹಡಗು ನೋಡಿದವನಲ್ಲ, ಮೈಲಾರದಲ್ಲಿ ತುಂಗಭದ್ರೆಯ ಹರಿಗೋಲು ನೋಡಿದವನು. ಸುತ್ತಲ ಹಳ್ಳಿಗಳಲ್ಲಿ ಕೈಬೋರು ರಿಪೇರಿ ಮಾಡ್ತಿದ್ದ. ‘ತಮ್ಮಾ, ಪಿನ್ನಿನಾಗ ಆಟ ಇರಬೇಕು, ಭಾಳ ಇರಬಾರದು. ಆಟ ಇಲ್ಲಂದ್ರ ಹಿಡಕಂತತಿ, ಭಾಳಾತಂದ್ರ ಬಡಕಂತತಿ’ ಅನ್ನೋನು. ಬಿಇ ಮೂರನೇ ಸೆಮಿಸ್ಟರಿನಲ್ಲಿ ಟಾಲರೆನ್ಸ್ ಬಗ್ಗೆ ಹದಿನಾರು ಪುಟ ನೋಟ್ಸ್ ಬರೆಸಿದರು. ಅದರ ಸಾರ ಇದೇ.

ಊರ ಕೈಬೋರು ಕೂಡ ಹಡಗಿನ ಪಂಪಿನ ಖಾಸಾ ಬಂಧು. 1967ರ ಬರಗಾಲದ ನಂತರ ದೇಶದಲ್ಲಿ ಕೊಳವೆಬಾವಿ ಕೊರೆಯೋದು ಜೋರಾಯಿತು. ಆದರೆ ಮೇಲೆ ಕೂರಿಸಿದ ಬೀಡು ಕಬ್ಬಿಣದ ಪಂಪುಗಳು ಒಂದು ಮನೆಯ ಬಳಕೆಗೆ ಮಾಡಿದಂಥವು, ಇಡೀ ಊರು ಹೊಡೆದರೆ ಮುರಿಯುತ್ತಿದ್ದವು. ಸೊಲ್ಲಾಪುರದಲ್ಲಿ ಮಿಷನರಿಗಳು ಕಟ್ಟಿದ್ದ ಗಟ್ಟಿ ಪಂಪನ್ನು ಆಧಾರವಾಗಿಟ್ಟುಕೊಂಡು ಯುನಿಸೆಫ್, ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರಡಾಸ್ ಕಾರ್ಖಾನೆ ಮತ್ತು ಇತರರು 1970ರ ದಶಕದ ನಡುವೆ ‘ಇಂಡಿಯಾ ಮಾರ್ಕ್ 2’ ರೂಪಿಸಿದರು. ಸಿಲಿಂಡರ್ 63.5 ಮಿಲಿಮೀಟರ್, ಪಿಸ್ಟನ್ನಿನ ಓಟ 125. ಗುಣಿಸಿ ನೋಡಿ, ಒಂದು ಹೊಡೆತಕ್ಕೆ ಹತ್ತಿರಹತ್ತಿರ 400 ಮಿಲಿಲೀಟರ್. 40 ಹೊಡೆತಕ್ಕೆ ಒಂದು ದೊಡ್ಡ ಕೊಡ. ಭರತ ಹುಣ್ಣಿಮೆ ಜಾತ್ರೆಗೆ ಲಕ್ಷಗಟ್ಟಲೆ ಜನ ಬಂದಾಗ ಮೈಲಾರದ ಬೋರುಗಳಿಗೆ ಬಿಡುವೇ ಇರುತ್ತಿರಲಿಲ್ಲ. ವಾಸರ್ ಸವೆದರೆ ಮೊದಲು ಗೊತ್ತಾಗೋದು ಕಣ್ಣಿಗಲ್ಲ, ಕೈಗೆ. ಹಿಡಿಕೆ ಹಗುರಾಗುತ್ತೆ. ಎರಡನೆಯದು ಕಿವಿಗೆ. ಕಾರ್ಣಿಕದ ಹೊತ್ತಿಗೆ ಗೊರವಪ್ಪ ಬಿಲ್ಲೇರಿ ‘ಸದ್ದಲೇ’ ಅಂದಾಗ ಅಷ್ಟು ಜನರ ಗದ್ದಲ ಒಮ್ಮೆಲೇ ನಿಲ್ಲುತ್ತಲ್ಲ, ದೊಡ್ಡಪ್ಪ ಬೋರಿನ ಮುಂದೆ ಕೂತಾಗ ನಮ್ಮಂಥ ಹುಡುಗರಿಗೆ ಅದೇ ಆಜ್ಞೆ ಆಗ್ತಿತ್ತು.

ಹಡಗಿನಲ್ಲೂ ಕಿವಿಯದೇ ಕಾರುಬಾರು. ಪಂಪ್ ಶುರು ಮಾಡುವಾಗ ಒಮ್ಮೆಲೇ ಉಗಿ ಬಿಡಬಾರದು. ತಣ್ಣಗಿನ ಸಿಲಿಂಡರಿಗೆ ಹೋದ ಉಗಿ ಅಲ್ಲೇ ನೀರಾಗುತ್ತೆ, ನೀರನ್ನು ಅದುಮೋಕಾಗಲ್ಲ, ಪಿಸ್ಟನ್ ಬಂದು ಅದಕ್ಕೆ ಗುದ್ದಿದರೆ ಮುಚ್ಚಳ ಒಡೆದೀತು. ಹಾಗಾಗಿ ಮೊದಲು ಹೊರಹೋಗುವ ಉಗಿಯ ದಾರಿ ತೆಗಿ, ಸಿಲಿಂಡರಿನ ತಳದ ಸಣ್ಣ ನಲ್ಲಿಗಳನ್ನು ತೆಗಿ, ನೀರೊಳಬರುವ ಮತ್ತು ಹೊರಹೋಗುವ ಕವಾಟಗಳನ್ನು ತೆಗಿ, ಆಮೇಲೆ ಉಗಿಯನ್ನು ಒಂದು ಎಳೆಯಷ್ಟು ಬಿಡು. ನಲ್ಲಿಯಿಂದ ಮೊದಲು ನೀರು ಉಗುಳುತ್ತೆ, ಆಮೇಲೆ ನೀರು ಬೆರೆತ ಉಗಿ, ಕೊನೆಗೆ ಒಣ ಉಗಿ. ಆಗ ನಲ್ಲಿ ಮುಚ್ಚಿ ವೇಗ ಹೆಚ್ಚಿಸು. ಹೊರಹೋಗುವ ಕವಾಟ ಮುಚ್ಚಿಟ್ಟು ಈ ಪಂಪ್ ಓಡಿಸಿದರೆ ಅದು ಸುಮ್ಮನೆ ನೀರು ಕಲಕುತ್ತಾ ಕೂರಲ್ಲ, ಪೈಪನ್ನೇ ಸೀಳುವಷ್ಟು ಒತ್ತುತ್ತೆ. ಅದಕ್ಕೇ ಒಂದು ರಿಲೀಫ್ ಕವಾಟ ಇಟ್ಟಿರುತ್ತಾರೆ. ಗ್ಲ್ಯಾಂಡಿನ ಪ್ಯಾಕಿಂಗ್ ಸೋರುತ್ತೆ ಅಂತ ಬಿಗಿ ಮಾಡುತ್ತಾ ಹೋದರೆ ಸರಳು ಕಾದು ಗೀರಿಕೊಳ್ಳುತ್ತೆ. ನೀರಿನ ಕಡೆಯ ಗ್ಲ್ಯಾಂಡು ಹನಿಹನಿ ತೊಟ್ಟಿಕ್ಕುತ್ತಿರಬೇಕು. ಒಂದು ತೊಟ್ಟೂ ಸೋರದ ಪಂಪ್ ನೋಡಿ ಹೊಸಬ ಖುಷಿಪಡ್ತಾನೆ, ಹಳಬ ಗಾಬರಿಯಾಗ್ತಾನೆ.

ಪಂಪು ಟಕ್ ಟಕ್ ಅಂತ ಪೈಪನ್ನೆಲ್ಲ ನಡುಗಿಸುತ್ತಿದ್ದರೆ ಗಾಳಿ ಗಡಿಗೆಯಲ್ಲಿ ಗಾಳಿ ಮುಗಿದಿದೆ ಅಂತ. ಹೊರಹೋಗುವ ಪೈಪಿನ ಮೇಲೆ ಮಗುಚಿಟ್ಟ ತಪ್ಪಲೆಯಂಥ ಪಾತ್ರೆ ಇರುತ್ತೆ, ಅದರೊಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಕುಗ್ಗಿ ಹಿಗ್ಗಿ ನೀರಿನ ಏಟನ್ನು ನುಂಗಿಕೊಳ್ಳುತ್ತೆ. ದಿನ ಕಳೆದಂತೆ ಗಾಳಿ ನೀರಿನಲ್ಲಿ ಕರಗಿ ಹೋಗುತ್ತೆ, ಆಗಾಗ ತುಂಬಬೇಕು. ನಮ್ಮ ಹೊಲಗಳಲ್ಲಿ ದಾಳಿಂಬೆಗೆ ಔಷಧಿ ಹೊಡೆಯುವ ಎಚ್‌ಟಿಪಿ ಪಂಪಿನ ನೆತ್ತಿಯ ಮೇಲೆ ಹಿತ್ತಾಳೆ ಬಣ್ಣದ ಉರುಟು ಡಬ್ಬಿ ನೋಡಿದ್ದೀರಾ? ಅದೂ ಇದೇ.

ಇನ್ನೊಂದು ಕಾಯಿಲೆ, ಎಳೆಯೋದೇ ನಿಂತುಹೋಗೋದು. ಪಂಪ್ ನೀರನ್ನು ‘ಎಳೆಯುತ್ತೆ’ ಅನ್ನೋದು ಮಾತಿಗೆ ಮಾತ್ರ. ಅದು ಒಳಗೆ ಜಾಗ ಖಾಲಿ ಮಾಡುತ್ತೆ, ಹೊರಗಿನ ವಾತಾವರಣ ನೀರನ್ನು ಅಲ್ಲಿಗೆ ತಳ್ಳುತ್ತೆ. ಆ ತಳ್ಳುವಿಕೆಯ ಗರಿಷ್ಠ ಮಿತಿ 10.3 ಮೀಟರ್, ವ್ಯವಹಾರದಲ್ಲಿ ಆರೇಳು ಮೀಟರ್ ಸಿಕ್ಕರೆ ಪುಣ್ಯ. ಕೈಬೋರಿನ ಸಿಲಿಂಡರನ್ನು ನೆಲದ ಮೇಲಿಡದೆ ಆಳದ ನೀರಿನೊಳಗೇ ಮುಳುಗಿಸೋದು ಇದಕ್ಕೇ. ಹಡಗಿನಲ್ಲಿ ತೊಂದರೆ ಆಳದ್ದಲ್ಲ, ಬಿಸಿಯದ್ದು. ಬಾಯ್ಲರಿಗೆ ಹೋಗುವ ನೀರನ್ನು ಮೊದಲೇ ಕಾಯಿಸಿರುತ್ತಾರೆ. ಕಾದ ನೀರಿನ ಮೇಲಿನ ಒತ್ತಡ ಇಳಿದರೆ ಅದು ಪಂಪಿನೊಳಗೇ ಕುದಿಯುತ್ತೆ, ಪಿಸ್ಟನ್ ಬರೀ ಉಗಿಯನ್ನು ಹಿಚುಕುತ್ತಾ ಕುಣಿಯುತ್ತೆ. ಹಾಗಾಗಿ ಬಿಸಿನೀರಿನ ತೊಟ್ಟಿಯನ್ನು ಪಂಪಿಗಿಂತ ಎತ್ತರದಲ್ಲಿ ಇಟ್ಟು ಅದರ ಭಾರಕ್ಕೇ ಇಳಿಯುವಂತೆ ಮಾಡುತ್ತಾರೆ.

ಇಷ್ಟೆಲ್ಲ ಓದಿದ ಮೇಲೆ ‘ಇದರಲ್ಲಿ ನಮ್ಮದೇನು?’ ಅಂತ ಕೇಳಿದರೆ ನನ್ನ ಉತ್ತರ: ಮೈಸೂರು.

ಬ್ರಿಟನ್ನಿನ ಟೈನ್ ನದಿಯ ದಡದಲ್ಲಿ, ವಿಕರ್ಸ್-ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ ಕಟ್ಟಿದ ನೈಜೀರಿಯಾ ಅನ್ನೋ ಕ್ರೂಸರ್ 1939ರಲ್ಲಿ ನೀರಿಗಿಳಿದು 1940ರಲ್ಲಿ ಸೇವೆಗೆ ಬಂತು. ನಾಲ್ಕು ಬಾಯ್ಲರ್, ನಾಲ್ಕು ಟರ್ಬೈನ್, 72,500 ಅಶ್ವಶಕ್ತಿ. 1942ರ ಆಗಸ್ಟಿನಲ್ಲಿ ಹಸಿದು ಕೂತಿದ್ದ ಮಾಲ್ಟಾ ದ್ವೀಪಕ್ಕೆ ಸಾಮಾನು ಸಾಗಿಸುವ ಹಡಗುಗಳಿಗೆ ಕಾವಲು ಹೋಗಿತ್ತು. 12ರ ಸಂಜೆ ಇಟಲಿಯ ಆ್ಯಕ್ಸಮ್ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿತು. ಅದೇ ದಾಳಿಗೆ ಸಿಕ್ಕಿದ ಕೈರೋ ಹಡಗು ಉಳಿಯಲಿಲ್ಲ. ನೈಜೀರಿಯಾದಲ್ಲಿ 52 ಜನ ಸತ್ತರು. ಹಡಗು ವಾಲಿತು, ಅಡ್ಮಿರಲ್ ಬೇರೆ ನೌಕೆಗೆ ಹೋದರು. ಉಳಿದವರು ವಾಲಿದ ಹಡಗನ್ನೇ ನಡೆಸಿಕೊಂಡು ಜಿಬ್ರಾಲ್ಟರಿಗೆ ವಾಪಸ್ ತಂದರು. ನಂತರ ಅಮೆರಿಕದಲ್ಲಿ ತಿಂಗಳುಗಟ್ಟಲೆ ರಿಪೇರಿ. ಯುದ್ಧದ ಚರಿತ್ರೆ ಪುಸ್ತಕಗಳಲ್ಲಿ ಅಡ್ಮಿರಲ್ ಯಾವ ಹಡಗಿನಿಂದ ಯಾವ ಹಡಗಿಗೆ ಹೋದರು ಅನ್ನೋದಕ್ಕೆ ಒಂದು ಪ್ಯಾರಾ ಇರುತ್ತೆ. ಒಡಲು ಸೀಳಿದ ಹಡಗು ಅಷ್ಟು ದೂರ ಹೇಗೆ ತೇಲಿತು ಅನ್ನೋದಕ್ಕೆ ‘ಕಷ್ಟಪಟ್ಟು ಬಂದರು ತಲುಪಿತು’ ಅಂತ ಒಂದು ಸಾಲು. ಆ ಒಂದು ಸಾಲಿನೊಳಗೆ ಕವಾಟ ತಿರುಗಿಸಿದ ಕೈಗಳಿವೆ, ಎಣ್ಣೆ ಕಲೆಸಿದ ನೀರಿನಲ್ಲಿ ಸೊಂಟದವರೆಗೆ ನಿಂತು ಪಂಪಿನ ಜಾಲರಿಗೆ ಸಿಕ್ಕಿದ ಕಸ ಬಿಡಿಸಿದ ಕೈಗಳಿವೆ. ಮುಖ್ಯ ಫೀಡ್ ಕೆಲಸಕ್ಕೆ ಆ ಹೊತ್ತಿಗೆ ಟರ್ಬೈನ್ ಪಂಪುಗಳು ಬಂದಿದ್ದರೂ, ತಳದ ನೀರು, ಎಣ್ಣೆ, ತುರ್ತು ಫೀಡ್ ಇಂಥ ಕೆಲಸಗಳಿಗೆ ಹೋಗಿಬರುವ ಪಂಪುಗಳನ್ನು ಇಟ್ಟುಕೊಳ್ಳೋದು ಆ ಕಾಲದ ಉಗಿ ಹಡಗುಗಳ ವಾಡಿಕೆ.

1954ರಲ್ಲಿ ಭಾರತ ಈ ಹಡಗನ್ನು ಕೊಂಡಿತು. ಅದಕ್ಕೆ ಒಂದು ವರ್ಷ ಮುಂಚೆ, 1953ರ ಅಕ್ಟೋಬರ್ 1ಕ್ಕೆ, ಮದ್ರಾಸಿನಲ್ಲಿದ್ದ ನಮ್ಮ ಹಡಗಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯ ಜೊತೆ ಮೈಸೂರಿಗೆ ಸೇರಿತ್ತು. ಅಂದರೆ ಮೈಲಾರ ಮೈಸೂರಾದ ಬೆನ್ನಿಗೇ ನೈಜೀರಿಯಾ ಕೂಡ ಮೈಸೂರಾಯಿತು! ಬರ್ಕನ್‌ಹೆಡ್ಡಿನಲ್ಲಿ ದೊಡ್ಡ ರಿಪೇರಿ ಮುಗಿಸಿ 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಅಂತ ಸೇವೆಗೆ ಬಂತು. ಲಾಂಛನಕ್ಕೆ ಗಂಡಭೇರುಂಡ, ಧ್ಯೇಯವಾಕ್ಯ ‘ನ ಬಿಭೇತಿ ಕದಾಚನ’, ಎಂದೂ ಅಂಜುವುದಿಲ್ಲ.

ಹಡಗು ಹಳೆಯದು, ಜನ ಹೊಸಬರು. ಎಂಜಿನ್ ರೂಮಿನ ಹುಡುಗರನ್ನು ತಯಾರು ಮಾಡೋ ಶಾಲೆ ಸಮುದ್ರದ ದಡದಲ್ಲಿಲ್ಲ, ಲೋಣಾವಳದ ಬೆಟ್ಟದ ಮೇಲಿದೆ. 1945ರಲ್ಲಿ ಶುರುವಾದ ಶಿವಾಜಿ ತರಬೇತಿ ಕೇಂದ್ರ. ಊರಲ್ಲಿ ಹೊಲ ಉತ್ತು, ಬಾವಿಯಲ್ಲಿ ಈಜು ಕಲಿತವರು ಬೆಟ್ಟದ ಮೇಲೆ ಬಾಯ್ಲರ್ ಕಲಿತು ಹಡಗಿಗೆ ಬರುತ್ತಿದ್ದರು. ಎಂಜಿನ್ ರೂಮಿಗೆ ಕಿಟಕಿ ಇಲ್ಲ. ಮೇಲೆ ಏನು ನಡೀತಿದೆ ಅಂತ ಕೆಳಗಿರುವವರಿಗೆ ಗೊತ್ತಾಗೋದು ಬರೋ ಆಜ್ಞೆಯಿಂದ, ಅಲುಗಾಟದಿಂದ.

1961ರ ನವೆಂಬರಿನಲ್ಲಿ ಕಾರವಾರದ ಎದುರಿಗಿರುವ ಅಂಜುದೀವ್ ದ್ವೀಪದಿಂದ ಪೋರ್ಚುಗೀಸರು ಸಬರಮತಿ ಅನ್ನೋ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಗಾಯಗೊಂಡವರು ಆ ಹಡಗಿನ ಎಂಜಿನಿಯರ್. ಡಿಸೆಂಬರ್ 18ರಂದು, ಗೋವಾ ಕಾರ್ಯಾಚರಣೆಯ ದಿನ, ಮೈಸೂರು ಮತ್ತು ತ್ರಿಶೂಲ್ ಹಡಗುಗಳು ಅಂಜುದೀವಿಗೆ ಬಂದವು. ದ್ವೀಪಕ್ಕೆ ಇಳಿದ ನೌಕಾಪಡೆಯವರಲ್ಲಿ 7 ಜನ ಪ್ರಾಣ ಕಳೆದುಕೊಂಡರು, ಮೈಸೂರಿನ ಫಿರಂಗಿಗಳು ಬೆಂಬಲಕ್ಕೆ ಸಿಡಿದವು, ದ್ವೀಪ ಕೈಗೆ ಬಂತು. ಕಾರವಾರ ಆಗ ಮೈಸೂರು ರಾಜ್ಯದ್ದು. ಮೈಸೂರಿನ ನೀರಿನಲ್ಲಿ ಮೈಸೂರು ನಿಂತು ಹೊಡೆದ ದಿನ ಅಂತ ನಾನು ತಮಾಷೆಗೆ ಹೇಳ್ತೀನಿ, ಆದರೆ 7 ಹೆಸರುಗಳ ನೆನಪಾದರೆ ತಮಾಷೆ ನಿಲ್ಲುತ್ತೆ. ಇವತ್ತು ಅಂಜುದೀವ್ ಕಾರವಾರದ ನೌಕಾನೆಲೆಯ ಅಲೆತಡೆಗೋಡೆಗೆ ಅಂಟಿಕೊಂಡಿದೆ.

ಫಿರಂಗಿ ಹೊಡೆಯುವ ಹೊತ್ತಿಗೆ ಕೆಳಗೆ ಏನು ಕೆಲಸ? ಅದೇ ಮಾಮೂಲಿ ಕೆಲಸ. ಹಡಗು ಯಾವ ಕ್ಷಣಕ್ಕೆ ಪೂರ್ತಿ ವೇಗ ಕೇಳುತ್ತೋ ಗೊತ್ತಿಲ್ಲ, ಹಾಗಾಗಿ ಉಗಿ ತಯಾರಿರಬೇಕು. ವೇಗ ಏರಿದಾಗ ಬಾಯ್ಲರಿನ ಗಾಜಿನ ನಳಿಗೆಯಲ್ಲಿ ನೀರಿನ ಮಟ್ಟ ಮೋಸ ಮಾಡುತ್ತೆ. ಉಗಿ ಥಟ್ಟನೆ ಹೊರಹೋದಾಗ ಒಳಗೆ ಗುಳ್ಳೆಗಳು ಉಬ್ಬಿ ಮಟ್ಟ ಏರಿದಂತೆ ಕಾಣುತ್ತೆ, ನಿಜದಲ್ಲಿ ನೀರು ಕಡಿಮೆಯಾಗ್ತಿರುತ್ತೆ. ಏರಿತು ಅಂತ ಫೀಡ್ ಕಡಿಮೆ ಮಾಡಿದರೆ ಕೆಟ್ಟ. ಡ್ಯಾಶ್‌ಬೋರ್ಡ್ ನೋಡಿ ಆಟೋಸ್ಕೇಲಿಂಗ್ ಇಳಿಸುವ ಗೆಳೆಯರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಧ್ವಜನೌಕೆ. 1973ರಲ್ಲಿ ರಾಜ್ಯ ಕರ್ನಾಟಕವಾದರೂ ಹಡಗಿನ ಹೆಸರು ಬದಲಾಗಲಿಲ್ಲ. 1985ರ ಆಗಸ್ಟ್ 20ಕ್ಕೆ ನಿವೃತ್ತಿ. 1999ರಲ್ಲಿ ಅದೇ ಹೆಸರಿನ ಹೊಸ ನಾಶಕ ನೌಕೆ ಬಂತು, ಅದೇ ಧ್ಯೇಯವಾಕ್ಯ. ಇದರಲ್ಲಿ ಉಗಿ ಇಲ್ಲ, ಗ್ಯಾಸ್ ಟರ್ಬೈನುಗಳಿವೆ.

ಹಾಗಂತ ಹೋಗಿಬರುವ ಪಂಪ್ ಸಾಯಲಿಲ್ಲ. ಗರಗರ ತಿರುಗುವ ಸೆಂಟ್ರಿಫ್ಯೂಗಲ್ ಪಂಪ್ ನೀರು ರಾಶಿ ಇದ್ದಾಗ ರಾಜ, ಒಂದು ಗುಟುಕು ಗಾಳಿ ಹೊಕ್ಕರೆ ಕೈಚೆಲ್ಲುತ್ತೆ. ಎಣ್ಣೆ ಹಡಗುಗಳಲ್ಲಿ ಟ್ಯಾಂಕಿನ ತಳದಲ್ಲಿ ಉಳಿದ ಕೊನೆಯ ಪದರ ಎತ್ತೋಕೆ, ಗಾಳಿ ಎಣ್ಣೆ ಎರಡನ್ನೂ ನುಂಗಿ ಓಡುವ ಪಿಸ್ಟನ್ ಪಂಪುಗಳನ್ನೇ ಇಟ್ಟರು. ಹೊಲಸು ನೀರಿನ ಬಿಲ್ಜ್ ಕೆಲಸಕ್ಕೂ ಅಷ್ಟೇ, ಈಗ ಉಗಿಯ ಬದಲು ಕರೆಂಟಿನ ಮೋಟರು.

ಡೀಸೆಲ್ ಹಡಗಿನ ಎಂಜಿನ್ನಿಗೆ ಎಣ್ಣೆ ಚಿಮ್ಮಿಸೋದೂ ಪುಟಾಣಿ ಹೋಗಿಬರುವ ಪಂಪೇ. ಬಾಷ್ ಕಂಪನಿ 1927ರಿಂದ ರಾಶಿಯಲ್ಲಿ ಮಾಡತೊಡಗಿದ ಈ ಜಾತಿಯ ಪಂಪಿನ ಪಿಸ್ಟನ್ನಿನ ಮೈಮೇಲೆ ಓರೆಯಾಗಿ ಒಂದು ಗಾಡಿ ಕೊರೆದಿರುತ್ತಾರೆ. ಓಟದ ಉದ್ದ ಬದಲಾಗಲ್ಲ, ಪಿಸ್ಟನ್ನನ್ನೇ ಸ್ವಲ್ಪ ತಿರುಗಿಸಿದರೆ ಆ ಓರೆ ಗಾಡಿ ಬೇಗ ಅಥವಾ ತಡವಾಗಿ ರಂಧ್ರಕ್ಕೆ ಎದುರಾಗುತ್ತೆ, ಎಣ್ಣೆ ಅಷ್ಟಷ್ಟೇ ಕಡಿಮೆ ಹೆಚ್ಚು. ವೀರ್ ಪಂಪಿನಲ್ಲಿ ಹೊರಗಿದ್ದ ನಟ್ಟುಗಳ ಕೆಲಸ ಇಲ್ಲಿ ಪಿಸ್ಟನ್ನಿನ ಮೈಯೊಳಗೇ ಸೇರಿಕೊಂಡಿದೆ. ಇದನ್ನು ನಮ್ಮಲ್ಲಿ ಮಾಡಿದ್ದು ಬೆಂಗಳೂರಿನ ಮೈಕೋ, 1951ರಲ್ಲಿ ಹುಟ್ಟಿದ ಕಂಪನಿ. ಕೋರಮಂಗಲಕ್ಕೆ ಹೋಗುವಾಗ ಆಡುಗೋಡಿ ಸಿಗ್ನಲ್ಲಿನಲ್ಲಿ ನಿಂತು ಬೈದುಕೊಳ್ಳುವ ಸಮಯದಲ್ಲಿ ಪಕ್ಕಕ್ಕೆ ನೋಡಿದರೆ ಅದರ ಜಾಗ ಕಾಣುತ್ತೆ. ಈಗ ಅಲ್ಲಿ ಬಾಷ್ ಹೆಸರಿನ ಗಾಜಿನ ಕಟ್ಟಡಗಳಿವೆ, ಒಳಗೆ ನಮ್ಮಂಥವರೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ.